68 ಸಾಕಾ, 76 ಬೇಕಾ? ಮಾರ್ಚ್ ಮ್ಯಾಡ್‌ನೆಸ್‌ಗೆ ಇನ್ನಷ್ಟು ಟೀಮ್ ಸೇರಿಸುವ ವಿಚಾರ

ಡಂಕ್‌ದೊರೆ (ಕೊಲಂಬಸ್, ಒಹಾಯೊ) · ಆಗಸ್ಟ್ 2025

ಅಂತೂ ಈ ತಿಂಗಳ ಆರಂಭದಲ್ಲಿ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಮಂಡಳಿ) ಬಾಯಿ ಬಿಟ್ಟಿದೆ. 2026ರ ಮಾರ್ಚ್ ಮ್ಯಾಡ್‌ನೆಸ್, ಅಂದರೆ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿಯಲ್ಲಿ, ಈಗಿನ ಹಾಗೆ 68 ಟೀಮ್‌ಗಳೇ ಇರುತ್ತವೆ. ಹಾಗಂತ ವಿಷಯ ಮುಗಿದಿಲ್ಲ. 2027ಕ್ಕೆ 72 ಅಥವಾ 76 ಮಾಡುವ ಮಾತು ನಡೆದೇ ಇದೆ, ಗಂಡಸರ ಟೂರ್ನಿಗೂ ಹೆಂಗಸರ ಟೂರ್ನಿಗೂ. ಅಧ್ಯಕ್ಷ ಚಾರ್ಲಿ ಬೇಕರ್‌ಗೆ ಹೆಚ್ಚಿಸುವ ಆಸೆ ಇದೆ ಅನ್ನುವುದು ಗುಟ್ಟೇನಲ್ಲ.

ನನಗೆ ಇದು ಸರಿ ಕಾಣುತ್ತಿಲ್ಲ. ಈಗ 31 ಕಾನ್ಫರೆನ್ಸ್ (ಕಾಲೇಜುಗಳ ಒಕ್ಕೂಟ) ಚಾಂಪಿಯನ್‌ಗಳು ನೇರವಾಗಿ ಬರುತ್ತಾರೆ. ಉಳಿದ 37 ಟೀಮ್‌ಗಳನ್ನು 12 ಜನರ ಸೆಲೆಕ್ಷನ್ ಕಮಿಟಿ ಆರಿಸುತ್ತದೆ. ಟೀಮ್ ಹೆಚ್ಚಿಸಿದ ಮಾತ್ರಕ್ಕೆ ಚಾಂಪಿಯನ್‌ಗಳ ಸಂಖ್ಯೆ ಹೆಚ್ಚುವುದಿಲ್ಲ. ಅಂದರೆ ಹೊಸ ಸೀಟೆಲ್ಲ ಕಮಿಟಿ ಆರಿಸುವವರಿಗೇ ಹೋಗುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಎಸ್‌ಇಸಿ, ಬಿಗ್ ಟೆನ್ ಥರದ ದೊಡ್ಡ ಕಾನ್ಫರೆನ್ಸ್‌ಗಳ ಮನೆಗೇ ಅಲ್ವಾ?

ಇಲ್ಲಿ ಅಮೆರಿಕದಲ್ಲಿ ಇರುವವರೂ ಇದ್ದೀರಿ, ಊರಲ್ಲಿ ಕಾಲೇಜು ಟೀಮ್‌ಗೆ ಆಡಿದವರೂ ಇದ್ದೀರಿ. ನಿಮಗೆ ಏನನ್ನಿಸುತ್ತದೆ?

ಬೆಂಚ್ ಕಾಯೋನು

ಮುಟ್ಟಬೇಡಿ. ಚೆನ್ನಾಗಿ ಓಡುತ್ತಿರುವ ಟೂರ್ನಿ ಇದೊಂದೇ ಉಳಿದಿರುವುದು.

ಸುಮ್ನೆ ಕೇಳ್ದೆ

ಗುರುಗಳೇ, ನಾನು ಎನ್‌ಬಿಎ ಮಾತ್ರ ನೋಡುವವನು. 64 ಅಂದರೆ ಅರ್ಥವಾಗುತ್ತದೆ. 64, 32, 16, 8, ಹೀಗೆ ಅರ್ಧ ಅರ್ಧ ಆಗುತ್ತಾ ಬರುತ್ತದೆ. ಈ 68 ಎಲ್ಲಿಂದ ಬಂತು?

ಡೇಟನ್ ಅಕ್ಕ

ನಮ್ಮೂರಿಂದಲೇ ಬಂದಿದ್ದು ಅಂದುಕೊಳ್ಳಿ 🙂

2011ರಿಂದ ಹೀಗೆ. ಮಂಗಳವಾರ, ಬುಧವಾರ ಡೇಟನ್‌ನ ಯುಡಿ ಅರೀನಾದಲ್ಲಿ ನಾಲ್ಕು ಪಂದ್ಯ. ಅದಕ್ಕೆ ಫಸ್ಟ್ ಫೋರ್ ಅಂತಾರೆ. ಎರಡು ಪಂದ್ಯದಲ್ಲಿ ತೀರಾ ಕೆಳಗಿನ ನಾಲ್ಕು ಚಾಂಪಿಯನ್‌ಗಳು ಆಡುತ್ತಾರೆ. ಗೆದ್ದವರು 16ನೇ ಸೀಡ್ ಆಗಿ ಮುಂದೆ ಹೋಗುತ್ತಾರೆ. ಸೀಡ್ ಅಂದರೆ ಬಲ ನೋಡಿ ಕೊಡುವ ಕ್ರಮಾಂಕ. 64 ಟೀಮ್‌ಗಳನ್ನು ನಾಲ್ಕು ಗುಂಪು (ರೀಜನ್) ಮಾಡಿ, ಪ್ರತಿ ಗುಂಪಿನಲ್ಲಿ 1ರಿಂದ 16ರ ತನಕ ಕೊಡುತ್ತಾರೆ. ಇನ್ನೆರಡು ಪಂದ್ಯದಲ್ಲಿ ಕಮಿಟಿ ಕೊನೆಗೆ ಆರಿಸಿದ ನಾಲ್ಕು ಟೀಮ್‌ಗಳು. ಗೆದ್ದವರು ಸಾಮಾನ್ಯವಾಗಿ 11ನೇ ಸೀಡ್. ನಾಲ್ಕು ಟೀಮ್ ಮನೆಗೆ, ಉಳಿದವು 64. ಗುರುವಾರದಿಂದ ನಿಮ್ಮ ಅರ್ಧ ಅರ್ಧ ಲೆಕ್ಕ ಶುರು.

ಹೊರಗಿನವರು ಇದನ್ನು ನಿಜವಾದ ಟೂರ್ನಿ ಅಲ್ಲ ಅಂತ ಹಂಗಿಸುತ್ತಾರೆ. ಇಲ್ಲಿ ಬಂದು ನೋಡಬೇಕು. ಹೆಸರೇ ಕೇಳದ ಎರಡು ಕಾಲೇಜು ಆಡಿದರೂ ಜನ ಬಂದು ಕೂಗುತ್ತಾರೆ.

ಲೆಕ್ಕದ ಮೇಷ್ಟ್ರು

ಸಂಖ್ಯೆ ಇಟ್ಟುಕೊಂಡೇ ಜಗಳ ಆಡೋಣ.

ನಾಕೌಟ್‌ನಲ್ಲಿ ಎಷ್ಟು ಟೀಮ್ ಇರುತ್ತವೋ ಅದಕ್ಕಿಂತ ಒಂದು ಕಡಿಮೆ ಪಂದ್ಯ. ಒಂದು ಪಂದ್ಯಕ್ಕೆ ಒಂದು ಟೀಮ್ ಹೊರಗೆ, ಕೊನೆಗೆ ಒಂದು ಉಳಿಯಬೇಕು, ಅಷ್ಟೇ. ಹಾಗಾಗಿ ಈಗ 67 ಪಂದ್ಯ. 72 ಆದರೆ 71. 76 ಆದರೆ 75. ನೋಡುವವರಿಗೆ ಇದು ದೊಡ್ಡ ಹೊರೆಯಲ್ಲ.

ಆದರೆ ಮೊದಲ ಎರಡು ದಿನ ನೋಡಿ. 72 ಆದರೆ 16 ಟೀಮ್ ಎಂಟು ಪಂದ್ಯ ಆಡಬೇಕು, 56 ಟೀಮ್ ನೇರ ಪ್ರವೇಶ. 76 ಆದರೆ 24 ಟೀಮ್, 12 ಪಂದ್ಯ, ನೇರ ಪ್ರವೇಶ 52ಕ್ಕೆ ಮಾತ್ರ. ಈಗ 68ರಲ್ಲಿ ಎಂಟು ಟೀಮ್ ಮಾತ್ರ ಡೇಟನ್‌ಗೆ ಹೋಗುತ್ತವೆ. ಮುಂದೆ ಸುಮಾರು ಮೂರರಲ್ಲಿ ಒಂದು ಟೀಮ್ ಬಾಗಿಲ ಹೊರಗೇ ಒಂದು ಪಂದ್ಯ ಆಡಿ ಒಳಗೆ ಬರಬೇಕಾಗುತ್ತದೆ. ಡೇಟನ್ ಒಂದೇ ಊರಲ್ಲಿ ಎರಡು ದಿನಕ್ಕೆ 12 ಪಂದ್ಯ ಆಗುವ ಮಾತಲ್ಲ. ಇನ್ನೊಂದು ಊರು ಬೇಕೇ ಬೇಕು.

ಡೇಟನ್ ಅಕ್ಕ

ಇನ್ನೊಂದು ಊರಾ? ಹಾಗಾದರೆ ನಾನೂ ವಿರೋಧ 😄

ಹಳೇ ಪೇಪರ್

ಪ್ರತಿ ಸಲವೂ ಇದೇ ಗಲಾಟೆ ಆಗಿದೆ ಸ್ವಾಮಿ. 1939ರಲ್ಲಿ ಶುರುವಾದಾಗ ಇದ್ದದ್ದು ಎಂಟೇ ಟೀಮ್. ಒರೆಗಾನ್ ಗೆದ್ದಿತು. 1951ಕ್ಕೆ 16 ಆಯಿತು. ಆಮೇಲೆ ಇಪ್ಪತ್ತರ ಆಚೀಚೆ. 1975ಕ್ಕೆ 32. 1979ಕ್ಕೆ 40, ಮರುವರ್ಷವೇ 48. 1985ಕ್ಕೆ 64.

ಹಿಂದೆ ಎಷ್ಟು ಅನ್ಯಾಯ ಆಗುತ್ತಿತ್ತು ಅಂತ ಈಗಿನವರಿಗೆ ಗೊತ್ತಿಲ್ಲ. 1974ರ ತನಕ ಒಂದು ಕಾನ್ಫರೆನ್ಸ್‌ನಿಂದ ಒಂದೇ ಟೀಮ್. 1971ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ 24 ಪಂದ್ಯ ಗೆದ್ದಿತ್ತು, ಸೋತದ್ದು ಎರಡು. ಎರಡೂ ಯುಸಿಎಲ್‌ಎ ವಿರುದ್ಧವೇ. ಕೋಚ್ ಜಾನ್ ವುಡನ್ ಕಾಲದ ಯುಸಿಎಲ್‌ಎ ಅಂದರೆ ಗೊತ್ತಲ್ಲ, 1967ರಿಂದ 73ರ ತನಕ ಸತತ ಏಳು ಕಪ್. ಅವರ ಕೈಲಿ ಮಾತ್ರ ಸೋತ ಟೀಮ್ ಮನೆಯಲ್ಲಿ ಕೂತಿತು.

1974ರದ್ದು ಇನ್ನೂ ಘೋರ. ಎಸಿಸಿ ಕಾನ್ಫರೆನ್ಸ್‌ನ ಫೈನಲ್‌ನಲ್ಲಿ ಮೇರಿಲ್ಯಾಂಡ್ 103-100ರಿಂದ ಸೋತಿತು, ಅದೂ ಓವರ್‌ಟೈಮ್‌ನಲ್ಲಿ. ಗೆದ್ದ ನಾರ್ತ್ ಕೆರೊಲಿನಾ ಸ್ಟೇಟ್ ಮುಂದೆ ದೇಶಕ್ಕೇ ಚಾಂಪಿಯನ್. ಮೂರು ಪಾಯಿಂಟ್‌ನಲ್ಲಿ ಸೋತ ಮೇರಿಲ್ಯಾಂಡ್‌ಗೆ ಟೂರ್ನಿಯಲ್ಲಿ ಜಾಗವೇ ಇಲ್ಲ. ಅದಾದ ಮೇಲೆಯೇ ಬಾಗಿಲು ಅಗಲ ಮಾಡಿದ್ದು. ಹೆಚ್ಚಿಸುವುದೆಲ್ಲ ಕೆಟ್ಟದ್ದು ಅನ್ನಬೇಡಿ.

ಬೆಂಚ್ ಕಾಯೋನು

ಹಳೇ ಪೇಪರ್ ಸಾರ್, ನಿಮ್ಮ ಉದಾಹರಣೆಯೇ ನನ್ನ ವಾದ. ಆಗ ಹೊರಗೆ ಉಳಿದದ್ದು ದೇಶದ ಎರಡನೇ, ಮೂರನೇ ಟೀಮ್. ಈಗ ಹೊರಗೆ ಉಳಿಯುತ್ತಿರುವುದು ಯಾರು? ಈ ವರ್ಷ ಟೆಕ್ಸಸ್ ಎಸ್‌ಇಸಿ ಒಳಗೆ ಆರು ಗೆದ್ದು 12 ಸೋತಿತ್ತು. ಆದರೂ ಕರೆದರು. ಡೇಟನ್‌ಗೆ ಹೋಗಿ ಕ್ಸೇವಿಯರ್ ಕೈಲಿ ಸೋತರು. ಆರು ಗೆದ್ದು 12 ಸೋತವರಿಗೇ ಜಾಗ ಸಿಗುತ್ತಿದೆ ಅಂದಮೇಲೆ, ಇನ್ನೂ ಎಂಟು ಸೀಟು ಹಾಕಿದರೆ ಯಾರನ್ನು ಕರೆಯುತ್ತಾರೆ? ಐದು ಗೆದ್ದವರನ್ನಾ?

ಡಂಕ್‌ದೊರೆ

ಒಟ್ಟು 16 ಟೀಮ್ ಇರುವ ಎಸ್‌ಇಸಿಯಿಂದ ಈ ಸಲ 14 ಬಂದಿದ್ದವು. ಹಿಂದಿನ ದಾಖಲೆ 2011ರ ಬಿಗ್ ಈಸ್ಟ್‌ದು, 11. ಈ 14 ಸಾಲದು ಅಂತ ಅವರಿಗೇ ಇನ್ನೆರಡು ಕೊಡಬೇಕಾ?

ರಾಲಿ ರಮ್ಯ

ಎಸ್‌ಇಸಿ ಮಂದಿಯೇ ಕೊನೆಗೆ ಕಪ್ ಗೆದ್ದರಲ್ಲ. ಫ್ಲೋರಿಡಾ 65, ಹ್ಯೂಸ್ಟನ್ 63. ಫೈನಲ್ ಫೋರ್‌ನಲ್ಲಿ, ಅಂದರೆ ಕೊನೆಯ ನಾಲ್ಕರಲ್ಲಿ, ಆಬರ್ನ್ ಕೂಡ ಇತ್ತು. ಆ ಕಾನ್ಫರೆನ್ಸ್‌ನಲ್ಲಿ ಆರು ಗೆಲ್ಲುವುದೂ ಇನ್ನೊಂದು ಕಡೆ 15 ಗೆಲ್ಲುವುದೂ ಒಂದೇ ಅಲ್ಲ. ಬರೀ ಗೆಲುವು ಸೋಲು ಎಣಿಸಿದರೆ ಆಗುವುದಿಲ್ಲ, ಯಾರ ಜೊತೆ ಆಡಿದರು ಅಂತಲೂ ನೋಡಬೇಕು.

ಬೆಂಚ್ ಕಾಯೋನು

ರಾಲಿ ಅಂದಮೇಲೆ ನಿಮ್ಮ ಪಕ್ಕದೂರಿನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಕಥೆ ಹೇಳಿ ಮೇಡಂ 😏

ರಾಲಿ ರಮ್ಯ

ಅಯ್ಯೋ, ಗೊತ್ತಿತ್ತು ಯಾರಾದರೂ ಕೇಳ್ತೀರಿ ಅಂತ.

ಗೊತ್ತಿಲ್ಲದವರಿಗೆ: ಎದುರಾಳಿಯ ದರ್ಜೆ ನೋಡಿ, ಎಲ್ಲಿ ಆಡಿದರು ಅಂತ ನೋಡಿ ಪಂದ್ಯಗಳನ್ನು ನಾಲ್ಕು ಗುಂಪು ಮಾಡುತ್ತಾರೆ. ಅತಿ ಕಷ್ಟದ್ದು ಕ್ವಾಡ್ 1. ನಾರ್ತ್ ಕೆರೊಲಿನಾ ಈ ವರ್ಷ ಅಂಥ 13 ಪಂದ್ಯದಲ್ಲಿ ಗೆದ್ದದ್ದು ಒಂದೇ. ಆದರೂ ಕೊನೆಯ ಸೀಟು ಸಿಕ್ಕಿತು. ಸಾಲದ್ದಕ್ಕೆ ಕಮಿಟಿಯ ಅಧ್ಯಕ್ಷರು ಅದೇ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರು. ಅವರ ಟೀಮ್ ಬಗ್ಗೆ ಚರ್ಚೆ ಬಂದಾಗ ಅವರು ಕೋಣೆಯಲ್ಲಿ ಇರುವ ಹಾಗಿಲ್ಲ, ಇರಲೂ ಇಲ್ಲ. ಆದರೆ ಜನ ಕೇಳಬೇಕಲ್ಲ. ಹೊರಗುಳಿದ ವೆಸ್ಟ್ ವರ್ಜಿನಿಯಾದ ಗವರ್ನರ್ ಪ್ರೆಸ್‌ಮೀಟ್ ಕರೆದು ಕೂಗಾಡಿದರು.

ಆಮೇಲೆ ಡೇಟನ್‌ನಲ್ಲಿ ನಾರ್ತ್ ಕೆರೊಲಿನಾ ಸ್ಯಾನ್ ಡಿಯೇಗೊ ಸ್ಟೇಟ್ ಮೇಲೆ 95-68ರಿಂದ ಗೆದ್ದಿತು. ಬೈದವರೆಲ್ಲ ಒಂದು ದಿನ ಸುಮ್ಮನಿದ್ದರು. ಶುಕ್ರವಾರ ಓಲ್ ಮಿಸ್ ಕೈಲಿ ಸೋತರು. ಮತ್ತೆ ಬೈಗುಳ ಶುರು.

ಧಾರವಾಡ ಪೇಢಾ

ಗವರ್ನರ್ ಬಂದು ಟೀಮ್ ಸೆಲೆಕ್ಷನ್ ಬಗ್ಗೆ ಮಾತಾಡುವುದು! ಇದು ಮಾತ್ರ ನಮ್ಮ ದೇಶದ ಹಾಗೆಯೇ ಇದೆ ನೋಡ್ರಿ.

ಕುಡ್ಲದ ಪಾಸ್

ನಾನು ಹೆಚ್ಚಿಸುವವರ ಕಡೆ ಮಾರಾಯ್ರೆ. 2011ರಲ್ಲಿ ಫಸ್ಟ್ ಫೋರ್ ಶುರುವಾದ ಮೊದಲ ವರ್ಷವೇ ವಿಸಿಯು ಅಂತ ಒಂದು ಟೀಮ್. ಇವರಿಗೆ ಯೋಗ್ಯತೆ ಇಲ್ಲ ಅಂತ ಟಿವಿಯಲ್ಲಿ ಕೂತು ಹೇಳಿದ್ದೇ ಹೇಳಿದ್ದು. ಆ ವಿಸಿಯು ಡೇಟನ್‌ನಲ್ಲಿ ಗೆದ್ದು, ಜಾರ್ಜ್‌ಟೌನ್, ಪರ್ಡ್ಯೂ, ಫ್ಲೋರಿಡಾ ಸ್ಟೇಟ್, ಕೊನೆಗೆ ಒಂದನೇ ಸೀಡ್ ಕ್ಯಾನ್ಸಸ್ ಎಲ್ಲರನ್ನೂ ಸೋಲಿಸಿ ಫೈನಲ್ ಫೋರ್‌ಗೆ ಹೋಯಿತು. 65ಕ್ಕೇ ನಿಲ್ಲಿಸಿದ್ದರೆ ಅದು ಆಗುತ್ತಿತ್ತಾ? 2021ರಲ್ಲಿ ಯುಸಿಎಲ್‌ಎ ಕೂಡ ಇದೇ ದಾರಿಯಲ್ಲಿ ಫೈನಲ್ ಫೋರ್ ತಲುಪಿತು.

ಯಾರು ಯೋಗ್ಯರು ಅಂತ ಕೋಣೆಯೊಳಗೆ ಕೂತವರಿಗೆ ಗೊತ್ತಾಗುವುದಿಲ್ಲ. ಅಂಗಳಕ್ಕೆ ಬಿಡಿ, ಗೊತ್ತಾಗುತ್ತದೆ.

ಕ್ರಿಕೆಟ್‌ನಲ್ಲೇ ನೋಡಿ. 2011ರಲ್ಲಿ ನಮ್ಮ ಚಿನ್ನಸ್ವಾಮಿಯಲ್ಲಿ ಐರ್ಲೆಂಡ್ 328 ಬೆನ್ನಟ್ಟಿ ಇಂಗ್ಲೆಂಡ್ ಮೇಲೆ ಗೆದ್ದಿತು. ಕೆವಿನ್ ಓಬ್ರಿಯನ್ 50 ಎಸೆತದಲ್ಲಿ ಸೆಂಚುರಿ. ಆಮೇಲೆ ಐಸಿಸಿಯವರು ಏನು ಮಾಡಿದರು? 2019ಕ್ಕೆ 14 ಟೀಮ್ ಇದ್ದದ್ದನ್ನು 10 ಮಾಡಿದರು. ಐರ್ಲೆಂಡ್ ಹೊರಗೆ. ಕಡಿಮೆ ಮಾಡಿದರೆ ಮೊದಲು ಸಾಯುವುದು ಸಣ್ಣವರೇ.

ಬೆಂಚ್ ಕಾಯೋನು

ಪಾಸಣ್ಣ, ಯುಸಿಎಲ್‌ಎಯನ್ನು ಸಣ್ಣವರ ಪಟ್ಟಿಗೆ ಸೇರಿಸಿದ್ದು ಮಾತ್ರ ಮಜಾ ಇತ್ತು. 11 ಕಪ್ ಇಟ್ಟುಕೊಂಡಿರುವ ಕಾಲೇಜು ಅದು.

ಇಲ್ಲಿ ಯಾರೂ ಕಡಿಮೆ ಮಾಡಿ ಅನ್ನುತ್ತಿಲ್ಲ. ಐರ್ಲೆಂಡ್‌ಗೆ ಸಮ ಆಗುವುದು ಇಲ್ಲಿ ಸಣ್ಣ ಕಾನ್ಫರೆನ್ಸ್ ಚಾಂಪಿಯನ್‌ಗಳು. ಅವರಿಗೆ ಜಾಗ ಈಗಾಗಲೇ ಇದೆ. ಹೊಸ ಎಂಟು ಸೀಟು ಐರ್ಲೆಂಡ್‌ಗಲ್ಲ, ಇಂಗ್ಲೆಂಡ್‌ನ ಬಿ ಟೀಮ್‌ಗೆ.

ಮಗಾ ಶೂಟ್

ಇಂಗ್ಲೆಂಡ್ ಬಿ ಟೀಮ್ 🤣🤣 ಇದನ್ನು ಫ್ರೇಮ್ ಹಾಕಿಸಬೇಕು

ಆರ್‌ಸಿಬಿ ರಕ್ತ

ಐಪಿಎಲ್ ಎಂಟರಿಂದ 10 ಟೀಮ್ ಆದ ಮೇಲೆಯೇ ನಾವು ಕಪ್ ಗೆದ್ದಿದ್ದು. ಹೆಚ್ಚಿಸಿ!

ಡಂಕ್‌ದೊರೆ

ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ ಗುರು.

ಧಾರವಾಡ ಪೇಢಾ

ಸಣ್ಣವರು ಸಣ್ಣವರು ಅಂತೀರಲ್ಲ, ಅವರು ಗೆಲ್ಲುತ್ತಾರೇನ್ರಿ? 16ನೇ ಸೀಡ್ ಒಂದನೇ ಸೀಡ್ ಮೇಲೆ ಎಷ್ಟು ಸಲ ಗೆದ್ದಿದೆ?

ಲೆಕ್ಕದ ಮೇಷ್ಟ್ರು

1985ರಿಂದ ಈ ವರ್ಷದ ತನಕ, ಕೋವಿಡ್‌ನಿಂದ ರದ್ದಾದ 2020 ಬಿಟ್ಟರೆ, 40 ಟೂರ್ನಿ. ವರ್ಷಕ್ಕೆ ನಾಲ್ಕರಂತೆ 160 ಪಂದ್ಯ. 16ನೇ ಸೀಡ್ ಗೆದ್ದದ್ದು ಎರಡು. ಮೊದಲ 135 ಪಂದ್ಯ ಸತತವಾಗಿ ಸೋಲು. ಆಮೇಲೆ 2018ರಲ್ಲಿ ಯುಎಂಬಿಸಿ ವರ್ಜಿನಿಯಾವನ್ನು 74-54ರಿಂದ ಚಚ್ಚಿತು. 20 ಪಾಯಿಂಟ್ ಅಂತರ! ಅದೇ ವರ್ಜಿನಿಯಾ ಮರುವರ್ಷ ಕಪ್ ಗೆದ್ದದ್ದು ಬೇರೆ ಮಾತು.

ಡಂಕ್‌ದೊರೆ

ಎರಡನೆಯದು 2023ರಲ್ಲಿ, ನಮ್ಮ ಕೊಲಂಬಸ್‌ನ ನೇಷನ್‌ವೈಡ್ ಅರೀನಾದಲ್ಲಿ. ನಾನು ಮೇಲಿನ ಸಾಲಿನಲ್ಲಿ ಕೂತಿದ್ದೆ. ಟಿಕೆಟ್ ತೆಗೆದದ್ದು ಪರ್ಡ್ಯೂ ನೋಡಲು. ಏಳಡಿ ನಾಲ್ಕಿಂಚಿನ ಝ್ಯಾಕ್ ಈಡಿ ಇದ್ದ ಟೀಮ್. ಎದುರಾಳಿ ಫೇರ್ಲೀ ಡಿಕಿನ್‌ಸನ್, ಆ ವರ್ಷ ಡಿವಿಷನ್ ಒಂದರ 360ಕ್ಕೂ ಹೆಚ್ಚು ಟೀಮ್‌ಗಳಲ್ಲಿ ಎಲ್ಲರಿಗಿಂತ ಕುಳ್ಳರ ಟೀಮ್.

ಇನ್ನೊಂದು ವಿಷಯ ಗೊತ್ತಾ? ಅವರು ತಮ್ಮ ಕಾನ್ಫರೆನ್ಸ್ ಫೈನಲ್ ಸೋತಿದ್ದರು. ಗೆದ್ದ ಮೆರಿಮ್ಯಾಕ್ ಆಗಷ್ಟೇ ಮೇಲಿನ ಡಿವಿಷನ್‌ಗೆ ಬಂದಿದ್ದರಿಂದ ನಿಯಮದ ಪ್ರಕಾರ ಟೂರ್ನಿ ಆಡುವ ಹಾಗಿರಲಿಲ್ಲ. ಹಾಗಾಗಿ ಇವರಿಗೆ ಸೀಟು. ಮೊದಲು ಡೇಟನ್‌ನಲ್ಲಿ ಟೆಕ್ಸಸ್ ಸದರ್ನ್ ಮೇಲೆ ಗೆದ್ದರು. ಎರಡು ದಿನ ಬಿಟ್ಟು 63-58ರಿಂದ ಪರ್ಡ್ಯೂ ಕಥೆ ಮುಗಿಸಿದರು. ಕುಳ್ಳರು ಪೂರ್ತಿ ಕೋರ್ಟ್ ಒತ್ತಿ ಆಡಿದರು, ಈಡಿ ಕೈಗೆ ಬಾಲ್ ಹೋಗದ ಹಾಗೆ ಇಬ್ಬಿಬ್ಬರು ಸುತ್ತಿಕೊಂಡರು. ಕೊನೆಯ ಐದು ನಿಮಿಷದಲ್ಲಿ ಯಾವ ಟೀಮ್‌ಗೂ ಸೇರದ ನಮ್ಮಂಥವರೆಲ್ಲ ಎದ್ದು ನಿಂತಿದ್ದೆವು. ಪಕ್ಕದಲ್ಲಿದ್ದ ಒಹಾಯೊ ಸ್ಟೇಟ್ ಅಭಿಮಾನಿ ಗುರುತಿಲ್ಲದ ನನ್ನನ್ನು ತಬ್ಬಿಕೊಂಡುಬಿಟ್ಟ. ಅವನಿಗೆ ಪರ್ಡ್ಯೂ ಸೋತದ್ದೇ ಖುಷಿ.

ಕುಡ್ಲದ ಪಾಸ್

ನೋಡಿ, ನೀವೇ ಹೇಳಿದಿರಿ. ಅವರು ಡೇಟನ್‌ನಿಂದ ಬಂದವರು. ಪ್ರಿಲಿಮಿನರಿ ಪಂದ್ಯ ಇದ್ದರೆ ಸಣ್ಣವರಿಗೆ ನಷ್ಟ ಅಂತ ಯಾರು ಹೇಳಿದ್ದು? ಅಲ್ಲಿ ಅವರವರದೇ ಮಟ್ಟದ ಟೀಮ್ ಸಿಗುತ್ತದೆ. ಒಂದು ಗೆಲುವು, ಒಂದು ದಿನ ಟಿವಿ, ಮೇಲಾಗಿ ದುಡ್ಡು.

ಸುಮ್ನೆ ಕೇಳ್ದೆ

ದುಡ್ಡು ಹೇಗೆ? ಗೆದ್ದರೆ ಬಹುಮಾನವಾ?

ಫೈಲ್ ನೋಡುವವ

ನೇರ ಬಹುಮಾನ ಅಲ್ಲ. ಅದಕ್ಕೆ ಯುನಿಟ್ ಅನ್ನುತ್ತಾರೆ. ಟೂರ್ನಿಗೆ ಬಂದ ಟೀಮ್ ಆಡುವ ಪ್ರತಿ ಪಂದ್ಯಕ್ಕೂ ಅದರ ಕಾನ್ಫರೆನ್ಸ್‌ಗೆ ಒಂದು ಯುನಿಟ್. ಫೈನಲ್ ಪಂದ್ಯಕ್ಕೆ ಮಾತ್ರ ಇಲ್ಲ. ಒಂದು ಯುನಿಟ್ ಅಂದರೆ ಆರು ವರ್ಷಕ್ಕೆ ಹಂಚಿ ಕೊಡುವ ಸುಮಾರು 20 ಲಕ್ಷ ಡಾಲರ್. ಅದನ್ನು ಕಾನ್ಫರೆನ್ಸ್ ತನ್ನ ಕಾಲೇಜುಗಳಿಗೆ ಹಂಚುತ್ತದೆ. ಫೇರ್ಲೀ ಡಿಕಿನ್‌ಸನ್ ಥರದ ಕಾಲೇಜಿಗೆ ಇದು ದೊಡ್ಡ ಮೊತ್ತ. ಎಸ್‌ಇಸಿಗೆ ಚಿಲ್ಲರೆ.

ಆದರೆ ಇನ್ನೊಂದು ಮುಖ ನೋಡಿ. ಸಿಬಿಎಸ್ ಮತ್ತು ಟರ್ನರ್ ಜೊತೆಗಿನ ಟಿವಿ ಒಪ್ಪಂದ 2032ರ ತನಕ ಇದೆ. 2010ರಲ್ಲಿ 14 ವರ್ಷಕ್ಕೆ 1,080 ಕೋಟಿ ಡಾಲರ್, ಆಮೇಲೆ 2016ರಲ್ಲಿ ಎಂಟು ವರ್ಷ ಮುಂದುವರಿಸಲು ಇನ್ನೂ 880 ಕೋಟಿ. ಟೀಮ್ ಹೆಚ್ಚಾದ ತಕ್ಷಣ ಈ ದುಡ್ಡು ತಾನಾಗಿ ಬೆಳೆಯುವುದಿಲ್ಲ. ಟಿವಿಯವರು ಜಾಸ್ತಿ ಕೊಡದಿದ್ದರೆ ಇರುವ ಹಣವನ್ನೇ ಇನ್ನೂ ಎಂಟು ಪಾಲು ಮಾಡಬೇಕು. ಹೊಸ ಟೀಮ್‌ಗಳ ವಿಮಾನ, ಹೋಟೆಲ್ ಖರ್ಚು ಬೇರೆ. ಪಂಕ್ತಿಗೆ ಎಲೆ ಹೆಚ್ಚು ಹಾಕಿದರೆ ಸಾಲದು, ಒಳಗೆ ಅಡುಗೆಯೂ ಹೆಚ್ಚಬೇಕು.

ಬೆಂಚ್ ಕಾಯೋನು

ಹಾಗಾದರೆ ದುಡ್ಡೂ ಬರುವುದಿಲ್ಲ, ಸಣ್ಣವರಿಗೂ ಲಾಭ ಇಲ್ಲ. ಯಾಕೆ ಮಾಡುತ್ತಿದ್ದಾರೆ ಇದನ್ನು?

ಫೈಲ್ ನೋಡುವವ

ದೊಡ್ಡ ಕಾನ್ಫರೆನ್ಸ್‌ಗಳನ್ನು ಸಮಾಧಾನ ಮಾಡಲು. ಎಸಿಸಿ, ಬಿಗ್ ಟೆನ್ ಎರಡೂ 18 ಟೀಮ್ ಆಗಿವೆ, ಬಿಗ್ 12, ಎಸ್‌ಇಸಿ 16. ಬಾಯಿ ಜಾಸ್ತಿಯಾಗಿದೆ. ಇವರಿಗೆ ಸಿಟ್ಟು ಬಂದು ತಮ್ಮದೇ ಬೇರೆ ಟೂರ್ನಿ ಮಾಡಿಕೊಂಡರೆ ಎನ್‌ಸಿಎಎಗೆ ಉಳಿಯುವುದೇನು? ಆ ಹೆದರಿಕೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇದು ನನ್ನ ಊಹೆ, ಬೇಕಾದರೆ ಬೈಯಿರಿ.

ಹಳೇ ಪೇಪರ್

ಊಹೆ ಅಲ್ಲ, ಹಿಂದೆಯೂ ಹೀಗೇ ಆಗಿದೆ. 2001ರಲ್ಲಿ 64 ಇದ್ದದ್ದು 65 ಯಾಕಾಯಿತು ಹೇಳಿ? ಮೌಂಟನ್ ವೆಸ್ಟ್ ಅಂತ ಹೊಸ ಕಾನ್ಫರೆನ್ಸ್ ಹುಟ್ಟಿ, ಅದರ ಚಾಂಪಿಯನ್‌ಗೂ ನೇರ ಸೀಟು ಕೊಡಬೇಕಾಯಿತು. ನೇರ ಸೀಟು 31 ಆದರೆ ಕಮಿಟಿ ಆರಿಸುವ 34ರಲ್ಲಿ ಒಂದು ಕಡಿಮೆಯಾಗಬೇಕಲ್ಲ. ಆ ಒಂದನ್ನು ಬಿಟ್ಟುಕೊಡಲು ದೊಡ್ಡವರಿಗೆ ಮನಸ್ಸಿಲ್ಲ. ಅದಕ್ಕೇ ಒಂದು ಟೀಮ್ ಸೇರಿಸಿ, ಕೊನೆಯ ಇಬ್ಬರು ಸಣ್ಣವರು ತಮ್ಮಲ್ಲೇ ಕಿತ್ತಾಡಲಿ ಅಂತ ಬಿಟ್ಟರು. 2010ರಲ್ಲಿ 96 ಮಾಡುವ ಮಾತೂ ಬಂದಿತ್ತು. ಜನ ಉಗಿದ ಮೇಲೆ 68ಕ್ಕೆ ಇಳಿದರು.

ಅಂಕಣದ ಅನಿತಾ (ಬೆಂಗಳೂರು)

ನಾನು ನಮ್ಮ ವಿಶ್ವವಿದ್ಯಾಲಯದ ಟೀಮ್‌ಗೆ ಆಡಿದವಳು, ತುಂಬಾ ಹಿಂದೆ. ಆಡುವವರ ಕಡೆಯಿಂದ ಒಂದು ಮಾತು.

ನಮ್ಮಲ್ಲಿ ಅಂತರ ವಿಶ್ವವಿದ್ಯಾಲಯ ಟೂರ್ನಿ ಮೊದಲು ವಲಯ ಮಟ್ಟದಲ್ಲಿ. ದಕ್ಷಿಣ ವಲಯ ಅಂದರೆ ಟೀಮ್‌ಗಳ ಸಂತೆ. ನಾಕೌಟ್ ಆಡಿ ಕೊನೆಯ ನಾಲ್ಕು ಉಳಿದ ಮೇಲೆ ಅವರಿಗೆ ಲೀಗ್. ಅವರೇ ಅಖಿಲ ಭಾರತ ಮಟ್ಟಕ್ಕೆ. ನಾವು ರಾತ್ರಿಯೆಲ್ಲ ರೈಲಿನಲ್ಲಿ ಹೋಗಿ, ಬೆಳಿಗ್ಗೆ ಏಳಕ್ಕೆ ಸಿಮೆಂಟ್ ಕೋರ್ಟ್‌ನಲ್ಲಿ ಪಂದ್ಯ ಆಡಿ, ಒಂಬತ್ತಕ್ಕೆ ಸೋತು, ಸಂಜೆ ರೈಲು ಹತ್ತಿದ್ದಿದೆ. ಒಂದೇ ಪಂದ್ಯ. ವರ್ಷವಿಡೀ ಅಭ್ಯಾಸ ಮಾಡಿದ್ದು ಅದಕ್ಕೇ. ಎದುರಾಳಿ ಚೆನ್ನೈ ಕಡೆಯ ಬಲವಾದ ಟೀಮ್, ಅರ್ಧ ಹೊತ್ತಿಗೆ ಮುಂಚೆಯೇ ಪಂದ್ಯ ಮುಗಿದಿತ್ತು.

ಅಂದು ನಮ್ಮ ಮಟ್ಟದ ಒಂದು ಟೀಮ್ ಜೊತೆ ಮೊದಲು ಆಡಿಸಿದ್ದರೆ ಎಷ್ಟೋ ಖುಷಿ ಇರುತ್ತಿತ್ತು. ಹಾಗಾಗಿ ಪಾಸ್ ಅವರ ಮಾತಿನಲ್ಲಿ ಅರ್ಥ ಇದೆ. 16ನೇ ಸೀಡ್‌ಗಳಿಗೆ ಡೇಟನ್ ಶಿಕ್ಷೆ ಅಂತ ಹೊರಗಿನವರು ಕನಿಕರ ತೋರಿಸುವುದು ಬೇಡ. ಅಲ್ಲಿ ಗೆದ್ದ ಹುಡುಗರಿಗೆ, ತಾನು ಎನ್‌ಸಿಎಎ ಟೂರ್ನಿಯಲ್ಲಿ ಒಂದು ಪಂದ್ಯ ಗೆದ್ದೆ ಅನ್ನುವುದು ಜೀವನಪೂರ್ತಿ ಇರುತ್ತದೆ.

ಬೆಂಚ್ ಕಾಯೋನು

ಅನಿತಾ ಮೇಡಂ, ಗೆದ್ದವರಿಗೆ ಸರಿ. ಸೋತವರು? ಇಪ್ಪತ್ತು ವರ್ಷಕ್ಕೊಮ್ಮೆ ಕಾನ್ಫರೆನ್ಸ್ ಗೆದ್ದ ಕಾಲೇಜು ಅದು. ಊರೆಲ್ಲ ಕುಣಿದಿರುತ್ತದೆ. ಗುರುವಾರ ಡ್ಯೂಕ್‌ನಂಥ ದೊಡ್ಡ ಟೀಮ್ ಜೊತೆ ಆಡುವ ಕನಸು. ಮಂಗಳವಾರವೇ ಇನ್ನೊಂದು ಸಣ್ಣ ಕಾಲೇಜಿನ ಕೈಲಿ ಸೋತು ಮನೆಗೆ. ಬ್ರಾಕೆಟ್ ಕಾಗದದಲ್ಲಿ (ಯಾರ ಎದುರು ಯಾರು ಅನ್ನುವ ಪಟ್ಟಿ) ಅವರ ಹೆಸರು ಓರೆ ಗೆರೆ ಹಾಕಿ ಇನ್ನೊಬ್ಬರ ಜೊತೆ ಬರೆದಿರುತ್ತಾರೆ. ಕಾನ್ಫರೆನ್ಸ್ ಗೆದ್ದವರು ಯಾಕೆ ಮತ್ತೆ ಅರ್ಹತೆ ತೋರಿಸಬೇಕು?

ಅಂಕಣದ ಅನಿತಾ

ಡ್ಯೂಕ್ ಕೈಲಿ 40 ಪಾಯಿಂಟ್‌ನಿಂದ ಸೋಲುವುದು ಕನಸು ಅಂತ ನೀವು ಹೇಳುತ್ತೀರಿ. ಅಂಥ ಸೋಲು ಅನುಭವಿಸಿದವಳು ನಾನು. ಅಷ್ಟೇನೂ ಚೆನ್ನಾಗಿರುವುದಿಲ್ಲ 🙂

ಲೆಕ್ಕದ ಮೇಷ್ಟ್ರು

ಒಂದು ದಾರಿ ಇದೆ. ಹೆಚ್ಚಿಸುವುದೇ ಆದರೆ ಪ್ರಿಲಿಮಿನರಿ ಪಂದ್ಯವನ್ನು ಕಮಿಟಿ ಆರಿಸಿದವರಿಗೆ ಮಾತ್ರ ಇಡಿ. ಚಾಂಪಿಯನ್ ಆದವರೆಲ್ಲ ನೇರವಾಗಿ 64ರೊಳಗೆ.

76ರ ಲೆಕ್ಕ ಹಾಕಿದೆ. ಚಾಂಪಿಯನ್ 31, ಕಮಿಟಿ ಆರಿಸಿದವರು 45. ಆ 45ರಲ್ಲಿ ಕೆಳಗಿನ 24 ಟೀಮ್ 12 ಪಂದ್ಯ ಆಡಲಿ. ಮೇಲಿನ 21 ನೇರ. 31, 21, 12 ಕೂಡಿಸಿ, ಸರಿಯಾಗಿ 64. ಆರು ಗೆದ್ದು 12 ಸೋತವರು ಬೇಕಿದ್ದರೆ ಬರಲಿ, ಆದರೆ ಮಂಗಳವಾರ ಇನ್ನೊಬ್ಬ ಅಂಥವನ ಜೊತೆ ಆಡಿ ಬರಲಿ.

ಮಗಾ ಶೂಟ್

ಮೇಷ್ಟ್ರೇ ಸೂಪರ್. ಇದನ್ನು ಇಂಡಿಯಾನಾಪೊಲಿಸ್‌ನ ಎನ್‌ಸಿಎಎ ಕಚೇರಿಗೆ ಮೇಲ್ ಹಾಕಿ.

ಡಂಕ್‌ದೊರೆ

ಇದು ನನಗೂ ಒಪ್ಪಿಗೆ. ಟಿವಿಯವರಿಗೂ ಖುಷಿ ಆಗಬೇಕು. ಮಂಗಳವಾರ ರಾತ್ರಿ ಇಂಡಿಯಾನಾ, ಒಹಾಯೊ ಸ್ಟೇಟ್ ಥರದ ಹೆಸರಿನವರು ಆಡಿದರೆ ನೋಡುವವರು ಜಾಸ್ತಿ.

ರಾಲಿ ರಮ್ಯ

ಒಂದು ತೊಡಕು ಇದೆ. ಆ 12 ವಿಜೇತರಿಗೆ ಯಾವ ಸೀಡ್ ಕೊಡುತ್ತೀರಿ? ನಾಲ್ಕು ರೀಜನ್, ಪ್ರತಿ ರೀಜನ್‌ಗೆ ಮೂರು. ಅಂದರೆ 10, 11, 12ನೇ ಸಾಲು ಪೂರ್ತಿ ಇವರದೇ. ಈಗ 12ನೇ ಸೀಡ್ ಸಾಮಾನ್ಯವಾಗಿ ಯಾರಿಗೆ ಸಿಗುತ್ತದೆ? ಮಧ್ಯಮ ಕಾನ್ಫರೆನ್ಸ್‌ಗಳ ಒಳ್ಳೆ ಚಾಂಪಿಯನ್‌ಗಳಿಗೆ. ಈ ವರ್ಷ 12ನೇ ಸೀಡ್ ಆಗಿ ಮ್ಯಾಕ್‌ನೀಸ್ ಕ್ಲೆಮ್ಸನ್ ಮೇಲೆ ಗೆದ್ದಿತು, ಕೊಲರಾಡೊ ಸ್ಟೇಟ್ ಮೆಂಫಿಸ್ ಮೇಲೆ ಗೆದ್ದಿತು. ನಿಮ್ಮ ಸ್ಕೀಮಿನಲ್ಲಿ ಇವರು 13ಕ್ಕೆ ಇಳಿಯುತ್ತಾರೆ. ಐದನೇ ಸೀಡ್ ಬದಲು ನಾಲ್ಕನೇ ಸೀಡ್ ಎದುರು. ತೀರಾ ಸಣ್ಣವರನ್ನು ಡೇಟನ್‌ನಿಂದ ಉಳಿಸಲು ಹೋಗಿ, ನಿಜಕ್ಕೂ ಗೆಲ್ಲುವ ಶಕ್ತಿ ಇರುವ ಮಧ್ಯಮದವರ ದಾರಿಗೆ ಕಲ್ಲು ಹಾಕಿದ ಹಾಗೆ.

ಲೆಕ್ಕದ ಮೇಷ್ಟ್ರು

ಒಳ್ಳೆ ಪಾಯಿಂಟ್. 72ಕ್ಕೆ ಇದೇ ಮಾಡಿದರೆ ಎಂಟು ವಿಜೇತರು, ರೀಜನ್‌ಗೆ ಎರಡು. ಅವರನ್ನು 10, 11ಕ್ಕೆ ಹಾಕಿದರೆ 12ನೇ ಸಾಲು ಉಳಿಯುತ್ತದೆ. 76ಕ್ಕೆ ಮಾತ್ರ ಕಷ್ಟ.

ಬೆಂಚ್ ಕಾಯೋನು

68ಕ್ಕೆ ಮಾಡಿ! ಚಾಂಪಿಯನ್ 31 ನೇರ, 37ರಲ್ಲಿ 29 ನೇರ, ಕೊನೆಯ ಎಂಟು ಮಾತ್ರ ಡೇಟನ್‌ಗೆ. ಒಂದು ಟೀಮ್ ಕೂಡ ಹೆಚ್ಚಿಸಬೇಕಿಲ್ಲ.

ರೀಬೌಂಡ್ ರಾಣಿ

ಇಷ್ಟು ಹೊತ್ತು ಓದಿದೆ. ಹೆಂಗಸರ ಟೂರ್ನಿ ಬಗ್ಗೆ ಮೊದಲ ಪೋಸ್ಟ್ ಬಿಟ್ಟರೆ ಒಬ್ಬರೂ ಮಾತಾಡಿಲ್ಲ. ಭೇಷ್.

ಹೆಂಗಸರ ಟೂರ್ನಿ 1982ರಲ್ಲಿ 32 ಟೀಮ್‌ಗಳಿಂದ ಶುರುವಾಯಿತು. 64 ಆದದ್ದು 1994ರಲ್ಲಿ. ಗಂಡಸರದ್ದು 2011ರಲ್ಲೇ 68 ಆದರೆ ಹೆಂಗಸರಿಗೆ 2022ರ ತನಕ ಕಾಯಬೇಕಾಯಿತು. ಅದೂ 2021ರಲ್ಲಿ ಸ್ಯಾನ್ ಆಂಟೋನಿಯೊದ ಜಿಮ್ ವಿಡಿಯೊ ಹೊರಬಂದು ಮಾನ ಹೋದ ಮೇಲೆ. ಗಂಡಸರಿಗೆ ದೊಡ್ಡ ಹಾಲ್ ತುಂಬಾ ಉಪಕರಣ, ಹುಡುಗಿಯರಿಗೆ ಒಂದು ಸಣ್ಣ ಸ್ಟ್ಯಾಂಡ್ ಡಂಬೆಲ್. ನೀವು ಹೇಳುತ್ತಿರುವ ಈ ಯುನಿಟ್ ದುಡ್ಡು ಹೆಂಗಸರ ಟೂರ್ನಿಗೆ ಶುರುವಾದದ್ದೇ ಈ ವರ್ಷ.

2024ರ ಫೈನಲ್ ಲೆಕ್ಕ ನೆನಪಿದೆಯಾ? ಕೇಟ್ಲಿನ್ ಕ್ಲಾರ್ಕ್‌ಳ ಅಯೋವಾ ವಿರುದ್ಧ ಸೌತ್ ಕೆರೊಲಿನಾ, ಅಮೆರಿಕದಲ್ಲಿ ಸರಾಸರಿ 1 ಕೋಟಿ 89 ಲಕ್ಷ ಜನ ನೋಡಿದರು. ಗಂಡಸರ ಫೈನಲ್‌ಗೆ 1 ಕೋಟಿ 48 ಲಕ್ಷ.

ಆದರೆ ಹೆಂಗಸರ ಟೂರ್ನಿಗೆ 76 ಬೇಡ ಅಂತಲೇ ನನ್ನ ಮತ. ಅಲ್ಲಿ ಮೇಲಿನ 16 ಟೀಮ್ ಮೊದಲ ಎರಡು ಸುತ್ತು ತಮ್ಮ ಕಾಲೇಜಿನಲ್ಲೇ ಆಡುತ್ತವೆ. ಮೊದಲ ಸುತ್ತಿನಲ್ಲಿ ಈಗಲೇ ಒನ್‌ಸೈಡ್ ಪಂದ್ಯ ಜಾಸ್ತಿ. ಕೆಳಗೆ ಇನ್ನೂ ಟೀಮ್ ತುಂಬುವ ಬದಲು ಆ ತವರು ಅಂಗಳದ ಲಾಭ ತೆಗೆಯುವ ಯೋಚನೆ ಮಾಡಲಿ.

ಡೇಟನ್ ಅಕ್ಕ

ರಾಣಿ, ತವರು ಅಂಗಳ ತೆಗೆದರೆ ಸ್ಟೇಡಿಯಂ ಖಾಲಿ ಹೊಡೆಯುತ್ತದೆ. ಗಂಡಸರ ಪಂದ್ಯಕ್ಕೆ ಹೋದ ಹಾಗೆ ಜನ ದೂರದ ಊರಿಗೆ ಟಿಕೆಟ್ ತೆಗೆದು ಹೋಗುವುದು ಇನ್ನೂ ಬೆಳೆಯಬೇಕು. ಇನ್ನೊಂದೈದು ವರ್ಷ ಬಿಟ್ಟು ನೋಡಬಹುದು.

ರೀಬೌಂಡ್ ರಾಣಿ

ಐದು ವರ್ಷ ಬಿಟ್ಟು, ಐದು ವರ್ಷ ಬಿಟ್ಟು ಅಂತಲೇ 1982ರಿಂದ ಬಂದಿದ್ದೇವೆ ಅಕ್ಕಾ.

ಫೈಲ್ ನೋಡುವವ

ಎಲ್ಲರೂ ಸೀಟಿನ ಲೆಕ್ಕ ಹಾಕುತ್ತಿದ್ದೀರಿ. ಸಣ್ಣವರಿಗೆ ಈಗಿರುವ ದೊಡ್ಡ ಪೆಟ್ಟು ಬೇರೆಯೇ. ಈಗ ಆಟಗಾರ ಬೇಕಾದಾಗ ಕಾಲೇಜು ಬದಲಿಸಬಹುದು. ಈ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿಯ ಪ್ರಕಾರ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು, ಮೊದಲ ವರ್ಷಕ್ಕೆ ಎಲ್ಲ ಕ್ರೀಡೆ ಸೇರಿ ಸುಮಾರು 2 ಕೋಟಿ 5 ಲಕ್ಷ ಡಾಲರ್ ತನಕ. ಸಣ್ಣ ಕಾಲೇಜಿನಲ್ಲಿ ಮಿಂಚಿದ ಹುಡುಗ ಮುಂದಿನ ವರ್ಷ ದೊಡ್ಡ ಕಾಲೇಜಿನಲ್ಲಿ. ಈ ವರ್ಷದ ಸ್ವೀಟ್ 16, ಅಂದರೆ ಕೊನೆಗೆ ಉಳಿದ 16 ಟೀಮ್ ನೋಡಿ. 16ಕ್ಕೆ 16 ಟೀಮೂ ನಾಲ್ಕು ದೊಡ್ಡ ಕಾನ್ಫರೆನ್ಸ್‌ಗಳವೇ. 2022ರಲ್ಲಿ 15ನೇ ಸೀಡ್ ಸೇಂಟ್ ಪೀಟರ್ಸ್ ಕೊನೆಯ ಎಂಟರ ತನಕ ಹೋಗಿತ್ತಲ್ಲ, ಅಂಥದ್ದು ಇನ್ನು ಕಷ್ಟ.

ಕುಡ್ಲದ ಪಾಸ್

ಒಂದು ವರ್ಷ ನೋಡಿ ತಿಥಿ ಮಾಡಬೇಡಿ ಮಾರಾಯ್ರೆ. 2023ರಲ್ಲಿ ಫ್ಲೋರಿಡಾ ಅಟ್ಲಾಂಟಿಕ್ ಫೈನಲ್ ಫೋರ್‌ಗೆ ಬಂದಿತ್ತು.

ಸುಮ್ನೆ ಕೇಳ್ದೆ

ಯಾರು ಗೆಲ್ಲುತ್ತಾರೆ ಅಂತ ಮೊದಲೇ ಊಹಿಸಿ ತುಂಬುವ ಈ ಬ್ರಾಕೆಟ್ ಆಟ ನಮ್ಮ ಆಫೀಸಿನಲ್ಲೂ ಇದೆ. ಅಮೆರಿಕದ ಟೀಮಿನವರು ಶೀಟ್ ಕಳಿಸುತ್ತಾರೆ. ನಾವು ಕಾಲೇಜಿನ ಲಾಂಛನದಲ್ಲಿರುವ ಪ್ರಾಣಿ ನೋಡಿ ತುಂಬುತ್ತೇವೆ. ಹುಲಿ ಇದ್ದರೆ ಗೆಲುವು. 76 ಆದರೆ ಶೀಟ್ ಹೇಗೆ?

ಲೆಕ್ಕದ ಮೇಷ್ಟ್ರು

ಈಗ ಹೆಚ್ಚಿನ ಪೂಲ್‌ಗಳಲ್ಲಿ ಡೇಟನ್ ಪಂದ್ಯ ಲೆಕ್ಕಕ್ಕಿಲ್ಲ. 63 ಪಂದ್ಯ ಊಹಿಸಬೇಕು. ಸುಮ್ಮನೆ ನಾಣ್ಯ ಚಿಮ್ಮಿದರೆ ಪೂರ್ತಿ ಸರಿಯಾಗುವ ಸಾಧ್ಯತೆ ಎಷ್ಟರಲ್ಲಿ ಒಂದು ಗೊತ್ತಾ? 92ರ ಮುಂದೆ 17 ಸೊನ್ನೆ ಹಾಕಿ, ಹೆಚ್ಚುಕಡಿಮೆ ಅಷ್ಟು. ಹುಲಿ ನೋಡಿ ತುಂಬುವುದೂ ತಪ್ಪಲ್ಲ.

ತೊಂದರೆ ಏನೆಂದರೆ, ಭಾನುವಾರ ಸಂಜೆ ಪಟ್ಟಿ ಬರುತ್ತದೆ, ಗುರುವಾರ ಮಧ್ಯಾಹ್ನದೊಳಗೆ ತುಂಬಬೇಕು. 12 ಜಾಗದಲ್ಲಿ ಇಬ್ಬಿಬ್ಬರ ಹೆಸರು ಇದ್ದರೆ ಬುಧವಾರ ರಾತ್ರಿ ತನಕ ಅರ್ಧ ಶೀಟ್ ಖಾಲಿ. ಸುಮ್ಮನೆ ಮಜಾಕ್ಕೆ ಆಡುವವರು ಕೈಬಿಡುತ್ತಾರೆ. ಈ ಟೂರ್ನಿ ಬೆಳೆದದ್ದೇ ಅಂಥವರಿಂದ.

ಹಳೇ ಪೇಪರ್

ಎನ್‌ಐಟಿ ಅನ್ನುವ ಇನ್ನೊಂದು ಕಾಲೇಜು ಟೂರ್ನಿ ಬಗ್ಗೆ ಯಾರೂ ಹೇಳಲಿಲ್ಲ. ಅದು 1938ರಲ್ಲೇ ಶುರುವಾದದ್ದು, ಎನ್‌ಸಿಎಎ ಟೂರ್ನಿಗಿಂತ ಒಂದು ವರ್ಷ ಹಳೆಯದು. 1950ರಲ್ಲಿ ನ್ಯೂಯಾರ್ಕಿನ ಸಿಸಿಎನ್‌ವೈ ಒಂದೇ ವರ್ಷ ಎರಡೂ ಗೆದ್ದಿತ್ತು. ಈಗ ಸೀಟು ಸಿಗದವರಿಗೆ ಅದು. 2024ರಲ್ಲಿ ಇಂಡಿಯಾನಾ ಸ್ಟೇಟ್ 28 ಪಂದ್ಯ ಗೆದ್ದೂ ಹೊರಗುಳಿದು ಎನ್‌ಐಟಿ ಫೈನಲ್ ತನಕ ಹೋಯಿತು. 76 ಮಾಡಿದರೆ ಇಂಥವರಿಗೆ ಸಿಗಬಹುದು ಅನ್ನುವುದೊಂದೇ ನನ್ನ ಆಸೆ.

ಬೆಂಚ್ ಕಾಯೋನು

ಸಿಗುವುದಿಲ್ಲ ಸಾರ್. ಆ ಜಾಗಕ್ಕೆ 17 ಗೆದ್ದು 15 ಸೋತ ಬಿಗ್ ಟೆನ್ ಟೀಮ್ ಬರುತ್ತದೆ.

ಹಳೇ ಪೇಪರ್

ಹಾಗಾದರೆ ನಿಯಮ ಹಾಕಲಿ. ಕಾನ್ಫರೆನ್ಸ್ ಒಳಗೆ ಅರ್ಧದಷ್ಟೂ ಗೆಲ್ಲದವರಿಗೆ ಸೀಟಿಲ್ಲ. ಲೀಗ್ ಹಂತದಲ್ಲಿ ಮೊದಲ ಸ್ಥಾನ ಬಂದು, ಕಾನ್ಫರೆನ್ಸ್ ಟೂರ್ನಿಯಲ್ಲಿ ಒಂದು ದಿನ ಎಡವಿದ ಸಣ್ಣವರಿಗೆ ಹೊಸ ಸೀಟಿನಲ್ಲಿ ಮೊದಲ ಹಕ್ಕು. ಇಷ್ಟು ಬರೆದುಕೊಟ್ಟರೆ 76ಕ್ಕೆ ನಾನೇ ಸಹಿ ಹಾಕುತ್ತೇನೆ.

ಬೆಂಚ್ ಕಾಯೋನು

ಇಷ್ಟು ಬರೆದುಕೊಟ್ಟರೆ ನಾನೂ. ಆದರೆ ಎಸ್‌ಇಸಿ ಒಪ್ಪಬೇಕಲ್ಲ.

ರಾಲಿ ರಮ್ಯ

ಅರ್ಧ ಗೆಲ್ಲಬೇಕು ಅನ್ನುವ ನಿಯಮ ಹಾಕಿದರೆ ಎಲ್ಲರೂ ಸುಲಭದ ವೇಳಾಪಟ್ಟಿ ಇರುವ ಕಾನ್ಫರೆನ್ಸ್ ಹುಡುಕಲು ಶುರು ಮಾಡುತ್ತಾರೆ. 18 ಟೀಮ್ ಇರುವಲ್ಲಿ ಎಲ್ಲರೂ ಎಲ್ಲರ ಜೊತೆ ಎರಡು ಸಲ ಆಡುವುದೂ ಇಲ್ಲ. ಒಬ್ಬನಿಗೆ ಡ್ಯೂಕ್ ಎರಡು ಸಲ, ಇನ್ನೊಬ್ಬನಿಗೆ ಒಂದೇ ಸಲ. ಅದನ್ನು ಹೇಗೆ ಸರಿ ಮಾಡುತ್ತೀರಿ?

ಆರ್‌ಸಿಬಿ ರಕ್ತ

ಇದೆಲ್ಲ ಇರಲಿ, ಇಲ್ಲಿಂದ ನೋಡಲು ಯಾವ ಹೊತ್ತು?

ಅಂಕಣದ ಅನಿತಾ

ಗುರುವಾರದ ಮೊದಲ ಪಂದ್ಯ ನಮಗೆ ರಾತ್ರಿ ಒಂಬತ್ತೂಮುಕ್ಕಾಲು ಸುಮಾರಿಗೆ. ಬೆಳಗಿನ ತನಕ ನಡೆಯುತ್ತದೆ. ಗಂಡಸರ ಫೈನಲ್ ಮಂಗಳವಾರ ಬೆಳಿಗ್ಗೆ ಆರೂವರೆ ಸುಮಾರಿಗೆ ಶುರು, ಆಫೀಸಿಗೆ ಹೊರಡುವ ಮುಂಚೆ ಮುಗಿಯುತ್ತದೆ. ಈ ಫಸ್ಟ್ ಫೋರ್ ಮಾತ್ರ ಬೆಳಿಗ್ಗೆ ನಾಲ್ಕಕ್ಕೆ ಶುರು, ಆ ಹೊತ್ತಿಗೆ ಏಳುವವರು ನಮ್ಮ ಮನೆಯಲ್ಲಿ ನಾನೊಬ್ಬಳೇ.

ಲೆಕ್ಕದ ಮೇಷ್ಟ್ರು

ರಮ್ಯ ಅವರ ವೇಳಾಪಟ್ಟಿ ಪ್ರಶ್ನೆಗೆ ನಾಳೆ ಉತ್ತರ ಬರೆಯುತ್ತೇನೆ. ಶಾಲೆ ಇದೆ. ಅಲ್ಲಿಯ ತನಕ 72ರ ಸೀಡಿಂಗ್‌ನಲ್ಲಿ ಯಾರಾದರೂ ತಪ್ಪು ಹುಡುಕಿ ನೋಡಿ.